ಅದೇ ಕಲ್ಲು ಮತ್ತೆ ಎದುರಿಗೆ

ಹೋದ ಸಂಚಿಕೆಯಲ್ಲಿ ಚಳಿಗಾಲದ ಬೆಟ್ಟ ನಡಿಗೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಕಾಫಿ ಕುಯ್ಲಿನ ಗಡಿಬಿಡಿಯಲ್ಲೂ ಇಷ್ಟು ಜನ ಕಾಗದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿರುವುದು ಮಂಜಿನ ಬಗ್ಗೆ. ಒಬ್ಬರೇ ಹೋದಾಗ ಮಂಜು ಮುಚ್ಚಿದರೆ ಏನು ಗತಿ ಅಂತ. ಹಾಗಾಗಿ ಈ ಸಲ ಪೂರ್ತಿ ಅದೇ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಅದಕ್ಕೆ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ (ನಾಪೋಕ್ಲು): ಹೋದ ಡಿಸೆಂಬರಿನಲ್ಲಿ ನಮ್ಮೂರ ಹತ್ತಿರದ ಒಂದು ಹುಲ್ಲುಬೆಟ್ಟಕ್ಕೆ ಒಬ್ಬನೇ ಹೋಗಿದ್ದೆ. ಬೆಟ್ಟದ ಹೆಸರು ಹೇಳುವುದಿಲ್ಲ, ಊರವರು ನಗುತ್ತಾರೆ. ವಾಪಸ್ ಬರುವಾಗ ಮಂಜು ಮುಚ್ಚಿತು, ಹತ್ತು ಮಾರು ಆಚೆ ಏನೂ ಕಾಣದು. ನೇರ ನಡೆಯುತ್ತಿದ್ದೇನೆ ಅಂದುಕೊಂಡೇ ಮುಕ್ಕಾಲು ಗಂಟೆ ನಡೆದೆ. ನೋಡಿದರೆ ಆಗ ಕೂತು ಕಿತ್ತಳೆ ತಿಂದ ಕಲ್ಲೇ ಮತ್ತೆ ಎದುರಿಗೆ, ಸಿಪ್ಪೆ ಸಹ ಅಲ್ಲೇ ಇತ್ತು! ಹುಟ್ಟಿದ್ದೇ ಈ ಬೆಟ್ಟದ ಬುಡದಲ್ಲಿ, ನನಗೆ ಹೀಗೇಕಾಯಿತು? ಯಾವುದೋ ಬಳ್ಳಿ ದಾಟಿರಬೇಕು, ಅದಕ್ಕೇ ದಿಕ್ಕು ತಪ್ಪಿದೆ ಅನ್ನುತ್ತಾರೆ ಅಜ್ಜಿ.

ಉತ್ತರ: ಮೊದಲು ಸಿಪ್ಪೆಯ ವಿಷಯ. ಬೆಟ್ಟದ ಮೇಲೆ ಎಸೆಯಬೇಡಿ, ಜೇಬಿಗೆ ಹಾಕಿಕೊಳ್ಳಿ. ಈ ಸಲ ಅದೇ ನಿಮ್ಮನ್ನು ಎಚ್ಚರಿಸಿತು ಅನ್ನುವುದು ಬೇರೆ ಮಾತು.

ಅಜ್ಜಿಯ ಮಾತಿಗೆ ನಗಬೇಡಿ. ನೇರ ಹೋಗುತ್ತಿದ್ದೇನೆ ಅಂದುಕೊಂಡವನು ಸುತ್ತು ಹಾಕಿ ಅಲ್ಲಿಗೇ ಬರುತ್ತಾನೆ ಅನ್ನುವುದನ್ನು ಹಿರಿಯರು ಸರಿಯಾಗಿಯೇ ಗಮನಿಸಿದ್ದರು. ಕಾರಣ ಗೊತ್ತಿರಲಿಲ್ಲ, ಪಾಪ ಬಳ್ಳಿಯ ತಲೆಗೆ ಕಟ್ಟಿದರು. ಜರ್ಮನಿಯ ಟ್ಯೂಬಿಂಗೆನ್ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಜನರ ಮೈಗೆ ಜಿಪಿಎಸ್ ಕಟ್ಟಿ, ಕೆಲವರನ್ನು ದೊಡ್ಡ ಕಾಡಿನಲ್ಲಿ, ಕೆಲವರನ್ನು ಸಹಾರಾ ಮರುಭೂಮಿಯಲ್ಲಿ ಬಿಟ್ಟು, ನೇರ ನಡೆಯಿರಿ ಎಂದರು. ಸೂರ್ಯ ಕಾಣುತ್ತಿದ್ದಾಗ ಹೆಚ್ಚು ಕಡಿಮೆ ನೇರ ಹೋದರು. ಕಾಡಿನಲ್ಲಿ ಮೋಡ ಕವಿದಾಗ ಸುತ್ತು ಹೊಡೆದರು, ತಾವು ನಡೆದ ದಾರಿಯನ್ನು ತಾವೇ ದಾಟಿದರು, ಅದೂ ಗೊತ್ತಾಗದೆ. ಕಣ್ಣು ಕಟ್ಟಿ ಬಿಟ್ಟವರಲ್ಲಿ ಕೆಲವರ ಸುತ್ತು ಬರೀ 20 ಮೀಟರ್ ಅಗಲ ಇತ್ತು. ಒಂದು ಕಾಲು ಉದ್ದ, ಒಂದು ಗಿಡ್ಡ, ಅದಕ್ಕೇ ಹೀಗೆ ಅಂತ ಹೇಳುವವರಿದ್ದಾರೆ. ಅದೂ ಅಲ್ಲ, ಅದೇ ಮನುಷ್ಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತಿದ್ದ. ತಲೆಯೊಳಗಿನ ‘ನೇರ’ ಅನ್ನುವುದೇ ಸ್ವಲ್ಪ ಸ್ವಲ್ಪ ಜಾರುತ್ತಾ ಹೋಗುತ್ತದೆ. ದೂರದಲ್ಲಿ ಒಂದು ಮರವೋ ಸೂರ್ಯನೋ ಕಂಡರೆ ಮನಸ್ಸು ಸರಿ ಮಾಡಿಕೊಳ್ಳುತ್ತದೆ. ಮಂಜಿನಲ್ಲಿ ಅದೂ ಇಲ್ಲ, ಇದೂ ಇಲ್ಲ.

ಈಗ ನಿಮ್ಮ ಬೆಟ್ಟಕ್ಕೆ ಬರೋಣ. ನಮ್ಮ ಜನಕ್ಕೆ ಬಂಡೆ, ಕಡಿದಾದ ಜಾಗ ಅಂದರೆ ಭಯ. ಹುಲ್ಲಿನ ಬೋಳುಬೆಟ್ಟ ಅಂದರೆ ಸಾಧು ಹಸು ಇದ್ದ ಹಾಗೆ. ನನ್ನ ಲೆಕ್ಕ ಉಲ್ಟಾ. ಕಡಿದಾದ ಜಾಗದಲ್ಲಿ ಮಂಜು ಬಂದರೂ ಒಂದು ಪಕ್ಕ ಬಂಡೆ ಇರುತ್ತೆ, ಇನ್ನೊಂದು ಪಕ್ಕ ಪ್ರಪಾತ ಇರುತ್ತೆ, ಎಲ್ಲಿದ್ದೀಯ ಅಂತ ಬೆಟ್ಟವೇ ಹೇಳುತ್ತೆ. ಬೋಳುಬೆಟ್ಟ ಬಾಯಿ ಬಿಡುವುದಿಲ್ಲ. ಎಲ್ಲ ದಿಣ್ಣೆಯೂ ಒಂದೇ ಥರ, ಹುಲ್ಲು ಒಂದೇ ಥರ, ಪ್ರತಿ ಮಡಿಕೆಯಲ್ಲೂ ಅದೇ ಶೋಲ ಕಾಡಿನ ತುಂಡು, ಪ್ರಾಣಿಗಳು ನಡೆದ ಜಾಡು ಹತ್ತು ಕಡೆಗೆ, ಅದರಲ್ಲಿ ಯಾವುದು ಮನುಷ್ಯರದ್ದು ಅಂತ ಮಂಜಿನಲ್ಲಿ ಬಗ್ಗಿ ನೋಡಿದರೂ ತಿಳಿಯದು. ಇನ್ನೊಂದು ತೊಂದರೆ, ಮೇಲೆ ಸಣ್ಣ ತಪ್ಪಾದರೂ ಕೆಳಗೆ ದೊಡ್ಡದಾಗುತ್ತೆ. ತುದಿಯಿಂದ ಕವಲುಗಳು ಕೈಬೆರಳಿನ ಹಾಗೆ ಹೊರಡುತ್ತವೆ. ಬೆರಳ ಬುಡದಲ್ಲಿ ನಾಲ್ಕು ಹೆಜ್ಜೆ ಅಂತರ. ಇಳಿದ ಮೇಲೆ ನೋಡಿದರೆ ಬೇರೆ ಕಣಿವೆ. ಬ್ರಹ್ಮಗಿರಿಯಲ್ಲಾದರೆ ಬೇರೆ ರಾಜ್ಯವೇ, ಆ ಕಡೆ ವಯನಾಡು.

ನಾನು ಇದನ್ನು ಓದಿ ಕಲಿತವನಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಡಿಸೆಂಬರ್, ಸೋಮವಾರಪೇಟೆ ಕಡೆಯ ಬೆಟ್ಟ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ಮೂರು ದಿನದಿಂದ ಮೋಡ, ಜಿಟಿಜಿಟಿ. ಹೋಗಬಾರದಿತ್ತು. ರಜೆ ಇತ್ತು, ಹೋದೆ. ಇಳಿಯುವಾಗ ಎಡಗವಲು ಹಿಡಿಯುವ ಬದಲು ಬಲಗವಲು ಹಿಡಿದೆ. ತಮಾಷೆ ಏನು ಗೊತ್ತಾ, ಜೇಬಿನಲ್ಲಿ ದಿಕ್ಸೂಚಿ ಇತ್ತು, ತೆಗೆದು ನೋಡಿಯೂ ನೋಡಿದೆ. ಅದು ತೋರಿಸಿದ್ದು ನನಗೆ ಹಿಡಿಸಲಿಲ್ಲ. ಕೆಟ್ಟಿರಬೇಕು ಅಂತ ವಾಪಸ್ ಜೇಬಿಗೆ ಹಾಕಿದೆ! ಎರಡೂವರೆ ಗಂಟೆ ಆದ ಮೇಲೆ ಯಾರದ್ದೋ ತೋಟದ ಬೇಲಿ ಸಿಕ್ಕಿತು, ಬೇಲಿ ಹಿಡಿದು ಹೋದರೆ ತೋಟದ ಕೆಲಸದವರ ಲೈನ್ ಮನೆ, ಮುಂದೆ ಒಬ್ಬರು ಹೆಂಗಸು ಪಾತ್ರೆ ತೊಳೆಯುತ್ತಿದ್ದರು. ಇದು ಯಾವ ಊರಮ್ಮ ಎಂದೆ. ಅವರು ಹೇಳಿದ ಊರಿಗೂ ನಾನು ಬೈಕ್ ನಿಲ್ಲಿಸಿದ ಜಾಗಕ್ಕೂ ರಸ್ತೆಯಲ್ಲಿ ಇಪ್ಪತ್ತೆರಡು ಕಿಲೋಮೀಟರ್. ಬೆಲ್ಲದ ಕಾಫಿ ಕೊಟ್ಟರು. ಯಾಕೆ ಬಂದೆ, ಎಲ್ಲಿಂದ ಬಂದೆ ಅಂತ ಒಂದು ಮಾತೂ ಕೇಳಲಿಲ್ಲ, ಅದೇ ದೊಡ್ಡ ಉಪಕಾರ.

ಹಾಗಾಗಿ ನಾನು ಹೇಳುವುದು ಇಷ್ಟೇ. ಮಂಜಿನಲ್ಲಿ ನಿಮ್ಮ ಮನಸ್ಸು ಸುಳ್ಳು ಹೇಳುತ್ತೆ, ಅದೂ ಆಣೆ ಇಟ್ಟು ಹೇಳುತ್ತೆ. ದಿಕ್ಸೂಚಿಗೂ ನಿಮಗೂ ಜಗಳ ಆದರೆ ದಿಕ್ಸೂಚಿ ಗೆಲ್ಲಲಿ. ಪಕ್ಕದಲ್ಲಿ ಕಬ್ಬಿಣ, ಮೊಬೈಲ್, ಅಯಸ್ಕಾಂತ ಇರುವ ಫೋನ್ ಕವರ್ ಇಲ್ಲ ಅಂತ ಮಾತ್ರ ನೋಡಿಕೊಳ್ಳಿ. ಸೊಂಟದಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ಬೆಟ್ಟ ಹತ್ತುವವರು ಯಾರೂ ಇಲ್ಲ ಬಿಡಿ, ಆದರೆ ಸೊಪ್ಪು ಸವರುವ ಕತ್ತಿ ಇಟ್ಟುಕೊಳ್ಳುವವರಿದ್ದಾರೆ.

ದಿಕ್ಸೂಚಿ ದಿಕ್ಕು ಮಾತ್ರ ಹೇಳುತ್ತೆ, ಎಷ್ಟು ದೂರ ಬಂದಿರಿ ಅಂತ ಹೇಳುವುದಿಲ್ಲ. ಅದಕ್ಕೆ ಹೆಜ್ಜೆ ಎಣಿಸಬೇಕು. ಎಡಗಾಲು ನೆಲಕ್ಕೆ ಬಿದ್ದಾಗ ಮಾತ್ರ ಒಂದು ಎಣಿಸಿ. ಸಮತಟ್ಟು ನೆಲದಲ್ಲಿ 100 ಮೀಟರಿಗೆ ಸುಮಾರು 60ರಿಂದ 70 ಬರುತ್ತೆ. ಏರಿನಲ್ಲಿ, ಉದ್ದ ಹುಲ್ಲಿನಲ್ಲಿ ಜಾಸ್ತಿ. ನಿಮ್ಮದು ಎಷ್ಟು ಅಂತ ಊರಿನ ರಸ್ತೆಯಲ್ಲೇ ಅಳೆದು ಇಟ್ಟುಕೊಳ್ಳಿ. ನೂರು ನೂರು ಮೀಟರ್ ಆದ ಹಾಗೆ ಲೆಕ್ಕ ತಪ್ಪುತ್ತೆ, ತಪ್ಪಿಯೇ ತಪ್ಪುತ್ತೆ. ನಾನು ಬಲಜೇಬಿನಲ್ಲಿ ಹತ್ತು ಕಾಫಿ ಬೀಜ ಇಟ್ಟುಕೊಳ್ಳುತ್ತೇನೆ. ನೂರು ಮೀಟರಿಗೆ ಒಂದು ಬೀಜ ಎಡಜೇಬಿಗೆ. ಹತ್ತೂ ಆ ಕಡೆ ಹೋದರೆ ಒಂದು ಕಿಲೋಮೀಟರ್. ಕೊಡಗಿನಲ್ಲಿ ಇದಕ್ಕೆ ಖರ್ಚೂ ಇಲ್ಲ.

ಒಂದು ಕಳ್ಳಯುಕ್ತಿಯೂ ಇದೆ. ಕೆಳಗೆ ಬೇಲಿಯೋ ಜೀಪ್ ರಸ್ತೆಯೋ ಅಡ್ಡ ಇದೆ, ಅದರ ಮೇಲಿನ ಒಂದು ಗೇಟಿಗೆ ನೀವು ಹೋಗಬೇಕು ಅಂತಿಟ್ಟುಕೊಳ್ಳಿ. ಗೇಟಿಗೇ ಗುರಿ ಇಟ್ಟರೆ ಬೇಲಿ ಮುಟ್ಟಿದಾಗ ಗೇಟು ಎಡಕ್ಕೋ ಬಲಕ್ಕೋ ಗೊತ್ತಾಗುವುದಿಲ್ಲ. ದಿಕ್ಸೂಚಿಯಲ್ಲಿ 5 ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರಿಗೆ ಸುಮಾರು 87 ಮೀಟರ್ ಆಚೀಚೆ ಆಗುತ್ತೆ, ಅಷ್ಟು ತಪ್ಪು ಎಂಥವರಿಗೂ ಆಗುತ್ತೆ. ಅದಕ್ಕೆ ಬೇಕೆಂದೇ ಗೇಟಿನ ಎಡಪಕ್ಕಕ್ಕೆ ಹೋಗಿ. ಬೇಲಿ ಸಿಕ್ಕ ಕೂಡಲೇ ಕಣ್ಣು ಮುಚ್ಚಿ ಬಲಕ್ಕೆ ತಿರುಗಬಹುದು.

ಇದೆಲ್ಲ ಮಂಜು ಮುಚ್ಚಿದ ಮೇಲಿನ ಕೆಲಸ. ಮುಚ್ಚುವ ಮುಂಚಿನ ಎರಡು ನಿಮಿಷ ಇನ್ನೂ ಮುಖ್ಯ. ಕಣಿವೆಯಿಂದ ಬಿಳಿ ಏಳುತ್ತಿದೆ ಅಂದ ಕೂಡಲೇ ಫೋಟೋ ತೆಗೆಯುವುದು ಬಿಟ್ಟು, ಮುಂದಿನ ಗುರುತು ಯಾವ ಕಡೆ ಇದೆ ಅಂತ ದಿಕ್ಸೂಚಿಯಲ್ಲಿ ಹಿಡಿದುಕೊಳ್ಳಿ. ಆಗಲೇ ಮುಚ್ಚಿಬಿಟ್ಟಿದ್ದರೆ ನಿಲ್ಲಿ. ಕೂತುಬಿಡಿ, ಏನಾದರೂ ತಿನ್ನಿ. ಚಳಿಗಾಲದ ಮಂಜು ನಮ್ಮಲ್ಲಿ ಬಿಸಿಲೇರಿದ ಹಾಗೆ ಬಿಚ್ಚುವುದುಂಟು. ಆದರೆ ವಾಯುಭಾರ ಕುಸಿತದ ದಿನ ಬಂದ ಮಂಜಾದರೆ ಬಿಚ್ಚುತ್ತೆ ಅಂತ ಕಾಯಬೇಡಿ, ಬಂದ ದಾರಿ ನೆನಪಿರುವಾಗಲೇ ತಿರುಗಿ.

ನೀರು ಹಿಡಿದು ಇಳಿದರೆ ಊರು ಸಿಗುತ್ತೆ ಅಂತ ಒಂದು ಮಾತಿದೆಯಲ್ಲ, ಬಯಲುಸೀಮೆಯಲ್ಲಿ ಅದು ನಿಜ ಇರಬಹುದು. ನಮ್ಮಲ್ಲಿ ನೀರು ಹಿಡಿದು ಇಳಿದರೆ ಜಲಪಾತದ ನೆತ್ತಿ ಸಿಗುತ್ತೆ. ಬ್ರಹ್ಮಗಿರಿಯಿಂದ ಇಳಿಯುವ ಲಕ್ಷ್ಮಣತೀರ್ಥ ಇರ್ಪುವಿನಲ್ಲಿ ಏನು ಮಾಡುತ್ತೆ, ಪುಷ್ಪಗಿರಿ ಕಡೆಯ ಕುಮಾರಧಾರೆ ಮಲ್ಲಳ್ಳಿಯಲ್ಲಿ ಏನು ಮಾಡುತ್ತೆ, ಕೆಳಗಿಂದ ನೋಡಿದ್ದೀರಲ್ಲ. ಮಂಜಿನಲ್ಲಿ ಅದನ್ನು ಮೇಲಿಂದ ನೋಡುವುದು ಬೇಡ.

ಪ್ರಶ್ನೆ (ಮಡಿಕೇರಿ): ಮಗಳು ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದಾಳೆ. ಜನವರಿ ಮೊದಲ ವಾರ ಅಲ್ಲಿಯ ಮೋನಲೀಯ ಅನ್ನುವ ಬೆಟ್ಟಸಾಲಿಗೆ ಒಬ್ಬಳೇ ನಡೆಯಲು ಹೋಗುತ್ತಾಳಂತೆ. ಅತಿ ಎತ್ತರದ ತುದಿಯೇ 945 ಮೀಟರ್, ನಮ್ಮ ಮಡಿಕೇರಿ ಪೇಟೆಗಿಂತ ತಗ್ಗು, ಎಲ್ಲ ಉರುಟು ಬೆಟ್ಟ, ನೀನು ಸುಮ್ನೆ ಹೆದರುತ್ತೀಯ ಅನ್ನುತ್ತಾಳೆ. ಅವಳು ಇಲ್ಲಿ ಕೋಟೆಬೆಟ್ಟ, ತಡಿಯಂಡಮೋಳ್ ಎಲ್ಲ ಹತ್ತಿದವಳು. ನಾನು ಹೆದರಬೇಕೋ ಬೇಡವೋ?

ಉತ್ತರ: ಅಮ್ಮಾ, ಸ್ವಲ್ಪ ಹೆದರಿ. ಮಗಳು ಹೇಳಿದ ಎತ್ತರದ ಲೆಕ್ಕ ಸರಿ ಇದೆ. ನಮ್ಮ ತಡಿಯಂಡಮೋಳ್ 1748 ಮೀಟರ್, ಬ್ರಿಟನ್ನಿನಲ್ಲೇ ಎತ್ತರದ ಬೆನ್ ನೆವಿಸ್ 1345 ಮೀಟರ್. ಎತ್ತರ ನೋಡಿ ನಗಬಹುದು. ಆದರೆ ನಾವಿರುವುದು 12 ಡಿಗ್ರಿ ಅಕ್ಷಾಂಶದಲ್ಲಿ, ಅವರು 57ರಲ್ಲಿ. ಅಟ್ಲಾಂಟಿಕ್ ಸಮುದ್ರದ ಗಾಳಿ ಆ ಬೆಟ್ಟಗಳಿಗೆ ಜೋರಾಗಿ ಬಡಿಯುತ್ತೆ. ಪಕ್ಕದ ಕೇರ್ನ್‌ಗಾರ್ಮ್ ಬೆಟ್ಟದ ತುದಿಯ ಹವಾಮಾನ ಯಂತ್ರದಲ್ಲಿ 1986ರ ಮಾರ್ಚಿನಲ್ಲಿ ಗಂಟೆಗೆ 173 ಮೈಲಿ ವೇಗದ ಗಾಳಿ ದಾಖಲಾಗಿದೆ. ಕಿಲೋಮೀಟರಿನಲ್ಲಿ ಹೇಳಿದರೆ 278. ಅದು ದಾಖಲೆಯ ದಿನ, ಸರಿ. ಅದರ ಮೂರನೇ ಒಂದು ಪಾಲು ಬೀಸಿದರೂ ಮನುಷ್ಯರು ನೆಟ್ಟಗೆ ನಡೆಯಲು ಆಗುವುದಿಲ್ಲ.

ಮೊದಲು ಬೆಳಕಿನ ಲೆಕ್ಕ ಹಾಕೋಣ. ಇಲ್ಲಿ ಡಿಸೆಂಬರಿನಲ್ಲೂ ಹನ್ನೊಂದೂವರೆ ಗಂಟೆ ಬೆಳಕು. ಅಲ್ಲಿ ಜನವರಿ ಮೊದಲ ವಾರ ಸೂರ್ಯ ಹುಟ್ಟುವಾಗ ಒಂಬತ್ತಕ್ಕೆ ಸ್ವಲ್ಪ ಕಡಿಮೆ, ನಾಲ್ಕರೊಳಗೆ ಮುಳುಗುತ್ತಾನೆ. ಹೆಚ್ಚೆಂದರೆ ಏಳು ಗಂಟೆ. ನೈಸ್ಮಿತ್ ಅಂತ ಒಬ್ಬ ಸ್ಕಾಟಿಷ್ ಬೆಟ್ಟಗಾರ 1892ರಲ್ಲೇ ಒಂದು ಸುಲಭ ಲೆಕ್ಕ ಕೊಟ್ಟಿದ್ದಾನೆ. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮಗಳ ದಾರಿ 12 ಕಿಲೋಮೀಟರ್, 700 ಮೀಟರ್ ಏರು ಅಂತಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಮೂರೂವರೆ ಗಂಟೆ ಚಿಲ್ಲರೆ. ಮೊಣಕಾಲುದ್ದ ಹಿಮ, ಎದುರುಗಾಳಿ, ಹೆಜ್ಜೆ ಎಣಿಸುತ್ತಾ ನಿಧಾನ ನಡೆಯುವುದು ಎಲ್ಲ ಸೇರಿದರೆ ಎರಡರಷ್ಟು ಹಿಡಿಯಿರಿ. ಏಳು ಗಂಟೆ ಆಯಿತು, ಬೆಳಕು ಪೂರ್ತಿ ಮುಗಿಯಿತು, ಇನ್ನೂ ಊಟಕ್ಕೆ ಕೂತಿಲ್ಲ. ಈ ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿ, ನೀವು ಬೈಯುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತೆ.

ಆಮೇಲೆ ಹಿಮ. ನಮ್ಮ ಮಂಜಿನಲ್ಲಿ ಕಾಲ ಕೆಳಗಿನ ಹುಲ್ಲಾದರೂ ಕಾಣುತ್ತೆ. ಅಲ್ಲಿ ನೆಲವೂ ಬಿಳಿ, ಮಂಜೂ ಬಿಳಿ, ಎರಡಕ್ಕೂ ನಡುವೆ ಗೆರೆಯೇ ಇಲ್ಲ. ಅದಕ್ಕೆ ವೈಟ್‌ಔಟ್ ಅನ್ನುತ್ತಾರೆ. ಏರುತ್ತಿದ್ದೀರೋ ಇಳಿಯುತ್ತಿದ್ದೀರೋ ಅನ್ನುವುದೇ ಕಾಲಿಗೆ ತಿಳಿಯುವುದಿಲ್ಲ, ನಿಂತಲ್ಲೇ ತಲೆ ತಿರುಗಿದ ಹಾಗಾಗುತ್ತೆ. ಅಲ್ಲಿನವರು ಹಿಮದ ಉಂಡೆ ಕಟ್ಟಿ ಮುಂದಕ್ಕೆ ಎಸೆದು, ಅದು ನೆಲದ ಮೇಲೆ ನಿಂತದ್ದು ಕಂಡರೆ ಅಷ್ಟು ದೂರ ಹೋಗುತ್ತಾರೆ. ಉಂಡೆ ಮಾಯ ಆದರೆ ಮುಂದೆ ನೆಲ ಇಲ್ಲ ಅಂತ ಅರ್ಥ. ಗಾಳಿ ಹಿಮವನ್ನು ಬೆಟ್ಟದ ಅಂಚಿನಾಚೆಗೆ ಮನೆಯ ಸೂರಿನ ಹಾಗೆ ಚಾಚಿ ಕಟ್ಟಿರುತ್ತೆ, ಮೇಲಿಂದ ನೋಡಿದರೆ ಗಟ್ಟಿ ನೆಲದ ಹಾಗೇ ಇರುತ್ತೆ, ಕೆಳಗೆ ಗಾಳಿ ಮಾತ್ರ.

ಇದನ್ನು ಬರೆಯುವಾಗ 1971ರ ನವೆಂಬರಿನ ಒಂದು ದುರಂತ ನೆನಪಾಗುತ್ತೆ. ಎಡಿನ್‌ಬರೋದ ಶಾಲಾ ಮಕ್ಕಳ ಒಂದು ತಂಡ ಕೇರ್ನ್‌ಗಾರ್ಮ್ ಪ್ರಸ್ಥಭೂಮಿಯ ಮೇಲೆ ಹಿಮಗಾಳಿಗೆ ಸಿಕ್ಕಿತು. ಮೇಲೆ ಒಂದು ಸಣ್ಣ ಕಲ್ಲಿನ ಗುಡಿಸಲಿತ್ತು, ಅದನ್ನು ತಲುಪಿ ರಾತ್ರಿ ಕಳೆಯುವ ಯೋಚನೆ. ಆ ಬಿಳುಪಿನಲ್ಲಿ ಅವರು ಅಲ್ಲಿಗೆ ತಲುಪಲೇ ಇಲ್ಲ. ಎರಡು ರಾತ್ರಿ ಬಯಲಲ್ಲೇ ಕಳೆದರು. ಐದು ಮಕ್ಕಳು ಮತ್ತು ಜೊತೆಗಿದ್ದ ಎಳೆ ವಯಸ್ಸಿನ ಮಾರ್ಗದರ್ಶಕಿ ತೀರಿಕೊಂಡರು. ಮುಂದೆ ಆ ಗುಡಿಸಲನ್ನೇ ಕಿತ್ತು ಹಾಕಿದರು. ಅಷ್ಟು ಎತ್ತರದಲ್ಲಿ ಒಂದು ಗೂಡು ಇದೆ ಅನ್ನುವ ಧೈರ್ಯವೇ ಜನರನ್ನು ಮೇಲಕ್ಕೆ ಎಳೆಯುತ್ತೆ ಅನ್ನುವುದು ವಾದವಾಗಿತ್ತು. ನನಗೆ ಆ ವಾದ ಸರಿ ಅನ್ನಿಸುತ್ತೆ.

ಹಾಗಂತ ಹೋಗಬೇಡ ಅನ್ನಬೇಡಿ. ಅಲ್ಲಿ 3000 ಅಡಿ ದಾಟಿದ ಬೆಟ್ಟಗಳಿಗೆ ಮನ್ರೋ ಅನ್ನುತ್ತಾರೆ, ಈಗಿನ ಪಟ್ಟಿಯಲ್ಲಿ 282 ಇವೆ, ಅವನ್ನು ಒಂದೊಂದಾಗಿ ಮುಗಿಸುವುದು ಅಲ್ಲಿನ ಜನರ ಹುಚ್ಚು. ಒಳ್ಳೆಯ ಹುಚ್ಚೇ. ಆದರೆ ಮೊದಲ ಚಳಿಗಾಲವೇ ಒಬ್ಬಳೇ ಹೋಗುವುದು ಬೇಡ. ವಿಶ್ವವಿದ್ಯಾಲಯಗಳಲ್ಲಿ ಬೆಟ್ಟ ಹತ್ತುವ ಕ್ಲಬ್ ಇರುತ್ತೆ, ಅವರ ಜೊತೆ ನಾಲ್ಕು ಸಲ ಹೋಗಲಿ. ಏವಿಮೋರ್ ಹತ್ತಿರದ ಗ್ಲೆನ್‌ಮೋರ್ ಲಾಡ್ಜ್‌ನಲ್ಲಿ ಚಳಿಗಾಲದ ಬೆಟ್ಟದ ತರಬೇತಿ ಕೊಡುತ್ತಾರೆ. ಐಸ್ ಆಕ್ಸ್ ಹಿಡಿದು ಜಾರುವುದನ್ನು ನಿಲ್ಲಿಸುವುದು, ಬೂಟಿಗೆ ಕ್ರಾಂಪಾನ್ ಅಂದರೆ ಉಕ್ಕಿನ ಮುಳ್ಳು ಕಟ್ಟಿ ನಡೆಯುವುದು, ಇದನ್ನೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು. ಹಿಮಕುಸಿತದ ಮುನ್ಸೂಚನೆಯನ್ನು ಚಳಿಗಾಲದಲ್ಲಿ ದಿನಾ ಪ್ರಕಟಿಸುವ ಸಂಸ್ಥೆಯೇ ಅಲ್ಲಿದೆ, ಓದುವ ಅಭ್ಯಾಸ ಮಾಡಿಕೊಳ್ಳಲಿ. ಮೋನಲೀಯದಂಥ ಉರುಟು ಬೆಟ್ಟದಲ್ಲಿ ಹಳೆಯ ಬೇಲಿಕಂಬಗಳ ಸಾಲು ಸಿಕ್ಕರೆ ಬಿಡಬಾರದು. ನಮ್ಮ ತೋಟದ ಬೇಲಿ ನನ್ನನ್ನು ಉಳಿಸಿದ ಹಾಗೆ.

ಏನಾದರೂ ಆದರೆ 999ಕ್ಕೆ ಕರೆ ಮಾಡಿ, ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಬೇಕು. ಹುಡುಕಲು ಬರುವವರು ಊರಿನ ಸ್ವಯಂಸೇವಕರು, ದುಡ್ಡು ತೆಗೆದುಕೊಳ್ಳುವುದಿಲ್ಲ. ಕರೆ ಹೋಗದಿದ್ದರೆ ಸೀಟಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಇಲ್ಲಿಂದ ನೀವು ಕಳಿಸುವ ಪಾರ್ಸೆಲಿನಲ್ಲಿ ಕಾಫಿಪುಡಿ, ಕಾಚಂಪುಳಿ ಜೊತೆ ಒಂದು ಒಳ್ಳೆ ಸೀಟಿಯನ್ನೂ ಹಾಕಿ.

ಪ್ರಶ್ನೆ (ಕುಶಾಲನಗರ): ಮೊಬೈಲಿನಲ್ಲಿ ಜಿಪಿಎಸ್ ಇರುವಾಗ ದಿಕ್ಸೂಚಿ, ಕಾಗದದ ನಕ್ಷೆ ಎಲ್ಲ ಯಾಕೆ ಸಾರ್? ಹಳೇ ಕಾಲದವರ ಹಠ ಅಲ್ವಾ?

ಉತ್ತರ: ಅರ್ಧ ಹಠ, ಒಪ್ಪಿದೆ. ನಾನೂ ಮೊಬೈಲ್ ನೋಡುತ್ತೇನೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತೆ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು ಅಷ್ಟೇ. ಎಷ್ಟೋ ಜನ ಅದನ್ನು ಮರೆತು, ಬೆಟ್ಟದ ಮೇಲೆ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ ನೋಡುತ್ತಾ ನಿಂತಿರುತ್ತಾರೆ.

ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ. ಫೋನ್ ಅನ್ನು ಚೀಲದ ಹೊರಗಿನ ಜೇಬಿನಲ್ಲಿ ಇಡಬೇಡಿ, ಮೈಗೆ ಹತ್ತಿರ ಇಡಿ. ಇನ್ನೊಂದು ವಿಷಯ, ನೀಲಿ ಚುಕ್ಕೆ ನೀವಿರುವ ಜಾಗ ಹೇಳುತ್ತೆ, ಮುಂದಿನ ಹತ್ತು ಹೆಜ್ಜೆ ಹೇಗಿದೆ ಅಂತ ಹೇಳುವುದಿಲ್ಲ.

ಕಾಗದದ ನಕ್ಷೆಯೂ ದೇವರಲ್ಲ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಎತ್ತರದ ಗೆರೆ 20 ಮೀಟರಿಗೆ ಒಂದು. ನಿಮ್ಮ ಮುಂದಿರುವ ಹದಿನೈದು ಮೀಟರಿನ ದಿಣ್ಣೆ ನಕ್ಷೆಯಲ್ಲಿ ಇಲ್ಲವೇ ಇಲ್ಲ ಅನ್ನುವುದು ಸಾಧ್ಯ. ಮಂಜಿನಲ್ಲಿ ಆ ದಿಣ್ಣೆ ದೊಡ್ಡ ಬೆಟ್ಟದ ಹಾಗೆ ಕಂಡು ನೀವು ತುದಿಗೆ ಬಂದೆ ಅಂದುಕೊಳ್ಳುತ್ತೀರಿ. ಆಗ ನೆಲದ ಇಳಿಜಾರು ಉಪಯೋಗಕ್ಕೆ ಬರುತ್ತೆ. ನಿಂತ ಜಾಗದಿಂದ ನೀರು ಸುರಿದರೆ ಯಾವ ಕಡೆ ಹರಿಯುತ್ತೋ ಆ ಕಡೆಗೆ ಮುಖ ಮಾಡಿ ದಿಕ್ಸೂಚಿ ನೋಡಿ. ಪೂರ್ವಕ್ಕೆ ಇಳಿಜಾರು ಅಂತ ಬಂತು ಅನ್ನಿ. ನಕ್ಷೆಯಲ್ಲಿ ಪೂರ್ವಕ್ಕೆ ಇಳಿಯುವ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಹೊಡೆದು ಹಾಕಬಹುದು. ಏನೂ ಕಾಣದ ಜಾಗದಲ್ಲಿ ಇಷ್ಟು ಗೊತ್ತಾಗುವುದೇ ದೊಡ್ಡದು. ಸೂಜಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮಲ್ಲಿ ಒಂದೆರಡು ಡಿಗ್ರಿ ಮಾತ್ರ ವ್ಯತ್ಯಾಸ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ (ಸುಂಟಿಕೊಪ್ಪ): ಬೆಟ್ಟದ ಚಳಿಗೆ ಎರಡು ಪೆಗ್ ಬ್ರಾಂದಿ ಒಳ್ಳೆಯದಲ್ಲವೇ?

ಉತ್ತರ: ವಾಪಸ್ ಬಂದು ಒಲೆ ಮುಂದೆ ಕೂತ ಮೇಲೆ ನಿಮ್ಮಿಷ್ಟ. ಬೆಟ್ಟದ ಮೇಲೆ ಬೇಡ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸುತ್ತೆ, ಒಳಗಿನ ಬಿಸಿ ಹೊರಗೆ ಹೋಗುತ್ತೆ. ಬೆಚ್ಚಗಾಯಿತು ಅನ್ನಿಸುವುದೇ ಮೈ ತಣ್ಣಗಾಗುವ ಲಕ್ಷಣ. ಕೊಡಗಿನಲ್ಲಿ ಹಿಮ ಬೀಳುವುದಿಲ್ಲ, ನಮಗೇನು ಚಳಿ ಅನ್ನಬೇಡಿ. ಹತ್ತು ಡಿಗ್ರಿ, ಒದ್ದೆ ಬಟ್ಟೆ, ಗಾಳಿ ಮೂರೂ ಸೇರಿದರೆ ಸಾಕು, ಮೈ ಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊದಲು ನಡುಕ. ಆಮೇಲೆ ಜಿಪ್ ಹಾಕಲು ಬಾರದು, ಕಾಲು ಎಡವುತ್ತೆ, ಮಾತು ತೊದಲುತ್ತೆ. ಕುಡಿದವರ ಹಾಗೇ ಅಲ್ವಾ? ಅದಕ್ಕೇ ಕುಡಿದವರಲ್ಲಿ ಇದು ಗೊತ್ತೂ ಆಗುವುದಿಲ್ಲ. ಬಿಸಿಯಾಗದೆ ನಡುಕ ತಾನಾಗೇ ನಿಂತರೆ ಅದು ಕೆಟ್ಟ ಸುದ್ದಿ. ಒಣ ಬನಿಯನ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಕಡಲೆ ಮಿಠಾಯಿ ನಾಲ್ಕು, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಬ್ರಾಂದಿಯ ತೂಕಕ್ಕೆ ಇಷ್ಟೂ ಬರುತ್ತೆ.

ಪ್ರಶ್ನೆ (ಭಾಗಮಂಡಲ): ಬೆಳಿಗ್ಗೆ ಬೆಟ್ಟದ ತುದಿಯಲ್ಲಿ ನಿಂತಿದ್ದೆ. ಕೆಳಗೆ ಪೂರ್ತಿ ಮಂಜು, ಬೆನ್ನಿಗೆ ಬಿಸಿಲು. ಮಂಜಿನ ಮೇಲೆ ದೊಡ್ಡ ಕಪ್ಪು ಆಕಾರ, ತಲೆಯ ಸುತ್ತ ಕಾಮನಬಿಲ್ಲಿನ ಬಣ್ಣದ ಉಂಗುರ. ನಾನು ಕೈ ಎತ್ತಿದರೆ ಅದೂ ಎತ್ತಿತು. ಮನೆಯಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ.

ಉತ್ತರ: ನಾನು ನಂಬುತ್ತೇನೆ, ಹೊಟ್ಟೆಕಿಚ್ಚೂ ಪಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಕಂಡದ್ದು ಎರಡೇ ಸಲ. ಅದು ನಿಮ್ಮದೇ ನೆರಳು. ಜರ್ಮನಿಯ ಬ್ರೋಕೆನ್ ಬೆಟ್ಟದ ಹೆಸರಿನಲ್ಲಿ ಬ್ರೋಕೆನ್ ಭೂತ ಅನ್ನುತ್ತಾರೆ. ನೆರಳು ಗೋಡೆಯ ಮೇಲೆ ಬಿದ್ದ ಹಾಗೆ ಒಂದೇ ಮಟ್ಟದಲ್ಲಿ ಬೀಳದೆ ಮಂಜಿನ ಆಳಕ್ಕೂ ಬೀಳುತ್ತೆ, ದೂರ ಅಳೆಯಲು ಏನೂ ಇಲ್ಲದೆ ಕಣ್ಣು ಅದನ್ನು ರಾಕ್ಷಸ ಅಂದುಕೊಳ್ಳುತ್ತೆ. ಬಣ್ಣದ ಉಂಗುರ ಮಂಜಿನ ಸಣ್ಣ ಹನಿಗಳು ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಆಗುವುದು. ಚೆಂದ ಏನೆಂದರೆ ನಾಲ್ಕು ಜನ ನಿಂತಿದ್ದರೂ ಪ್ರತಿಯೊಬ್ಬರಿಗೂ ತಮ್ಮ ತಲೆಯ ಸುತ್ತ ಮಾತ್ರ ಉಂಗುರ ಕಾಣುತ್ತೆ.

ಸ್ಕಾಟ್ಲೆಂಡಿನ ಬೆನ್ ಮಕ್‌ಡುಯಿ ಬೆಟ್ಟದಲ್ಲಿ ಬೂದು ಬಣ್ಣದ ದೊಡ್ಡ ಮನುಷ್ಯ ಇದ್ದಾನೆ ಅನ್ನುವ ಕಥೆ ಇದೆ. ನಾರ್ಮನ್ ಕಾಲಿ ಅನ್ನುವ ರಸಾಯನಶಾಸ್ತ್ರದ ಪ್ರೊಫೆಸರ್ 1891ರಲ್ಲಿ ಅಲ್ಲಿ ಮಂಜಿನಲ್ಲಿ ಒಬ್ಬರೇ ಬರುವಾಗ, ಹಿಂದೆ ಯಾರೋ ದೊಡ್ಡ ದೊಡ್ಡ ಹೆಜ್ಜೆ ಹಾಕಿಕೊಂಡು ಬರುತ್ತಿರುವ ಸದ್ದು ಕೇಳಿ ಓಡಿದರಂತೆ. 1925ರವರೆಗೂ ಸಭೆಯಲ್ಲಿ ಹೇಳಿರಲಿಲ್ಲ. ಪ್ರೊಫೆಸರಿಗೇ ಹಾಗಾದರೆ ನಾವು ನೀವು ಯಾವ ಲೆಕ್ಕ. ಒಂಟಿಯಾಗಿ ಮಂಜಿನಲ್ಲಿದ್ದಾಗ ಕಿವಿಯೂ ಕಥೆ ಕಟ್ಟುತ್ತೆ.

ಪ್ರಶ್ನೆ (ಗೋಣಿಕೊಪ್ಪ): ಒಬ್ಬನೇ ಹೋಗುವುದು ತಪ್ಪಾ? ಹೆಂಡತಿ ಪ್ರತಿ ಸಲ ಜಗಳ ಮಾಡುತ್ತಾಳೆ. ನನಗೆ ಜೊತೆಯಲ್ಲಿ ಮಾತಾಡುವವರಿದ್ದರೆ ಬೆಟ್ಟ ಬೆಟ್ಟ ಅನ್ನಿಸುವುದೇ ಇಲ್ಲ.

ಉತ್ತರ: ನಿಮ್ಮ ಮಾತು ನನಗೆ ಅರ್ಥ ಆಗುತ್ತೆ, ನಾನೂ ಆ ಜಾತಿಯವನೇ. ಆದರೆ ಕೊಡಗಿನ ಹೆಚ್ಚಿನ ಬೆಟ್ಟಗಳು ಅರಣ್ಯ ಇಲಾಖೆಯ ಕೈಯಲ್ಲಿವೆ. ಅನುಮತಿ ಬೇಕು, ಬ್ರಹ್ಮಗಿರಿಯಂಥ ಕಡೆ ಗೈಡ್ ಬೇಕು. ಅದನ್ನು ತಪ್ಪಿಸಿ ಹಿಂಬಾಗಿಲಿನಿಂದ ಹೋದರೆ, ದಾರಿ ತಪ್ಪಿದಾಗ ಹುಡುಕುವವರಿಗೆ ನೀವು ಹೋದದ್ದೇ ಗೊತ್ತಿರುವುದಿಲ್ಲ. ಮತ್ತೆ ಆನೆ. ಸ್ಕಾಟ್ಲೆಂಡಿನವರಿಗೆ ಆ ಚಿಂತೆ ಇಲ್ಲ, ನಮಗಿದೆ. ಬಿಸಿಲಿನಲ್ಲಿ ಅರ್ಧ ಮೈಲಿ ದೂರದಿಂದ ಕಾಣುವ ಒಂಟಿ ಸಲಗ ಮಂಜಿನಲ್ಲಿ ಹತ್ತು ಮಾರಿನಲ್ಲಿ ಕಾಣುತ್ತೆ. ಮಂಜಿನ ದಿನ ಕಾಡಂಚು ಹಿಡಿದು ಒಬ್ಬನೇ ನಡೆಯುವುದನ್ನು ನಾನು ಬಿಟ್ಟು ಎಷ್ಟೋ ವರ್ಷವಾಯಿತು. ಹುಲ್ಲುಬೆಟ್ಟ ಆಕಾಶ ತಿಳಿಯಾಗಿರುವ ದಿನಕ್ಕೆ ಇರಲಿ.

ಹೋಗುವ ದಿನ ಒಂದು ಚೀಟಿ ಬರೆದಿಡಿ. ಯಾವ ಬೆಟ್ಟ, ಯಾವ ಕಡೆಯಿಂದ ಹತ್ತುವುದು, ಯಾವ ಕಡೆ ಇಳಿಯುವುದು, ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುವುದು, ಎಷ್ಟು ಗಂಟೆಯಾದರೂ ಫೋನ್ ಬರದಿದ್ದರೆ ಯಾರಿಗೆ ಹೇಳುವುದು. ತಿರುಗುವ ಗಂಟೆಯನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಿ. ಬೆಟ್ಟದ ಮೇಲೆ ತೀರ್ಮಾನ ಮಾಡಿದರೆ ತುದಿ ಯಾವಾಗಲೂ ಇನ್ನು ಹತ್ತೇ ನಿಮಿಷ ದೂರ ಇರುತ್ತೆ. ಚೀಟಿ ಬರೆದ ಮೇಲೆ ಮನಸ್ಸು ಬದಲಾಯಿಸಿ ಬೇರೆ ಬೆಟ್ಟಕ್ಕೆ ಹೋಗಬೇಡಿ, ಅದು ಚೀಟಿ ಬರೆಯದೇ ಇರುವುದಕ್ಕಿಂತ ಕೆಟ್ಟದ್ದು. ಎಲ್ಲರೂ ತಪ್ಪು ಬೆಟ್ಟದಲ್ಲಿ ಹುಡುಕುತ್ತಾರೆ.

ನಿಮ್ಮ ಕಾಗದದ ಕೊನೆಯಲ್ಲಿ ಬೇರೆ ಕೈಬರಹದಲ್ಲಿ ಒಂದು ಸಾಲಿದೆ, ನೀವು ನೋಡಿದ್ದೀರೋ ಇಲ್ಲವೋ. “ನಾಲ್ಕು ಗಂಟೆ ಅಂತ ಹೇಳಿ ಏಳಕ್ಕೆ ಬರುತ್ತಾರೆ, ಅದನ್ನೂ ಕೇಳಿ.” ಕೇಳಿದ್ದೇನೆ ಅಮ್ಮಾ. ಮುಂದಿನ ಚೀಟಿಯಲ್ಲಿ ಗಂಟೆಯನ್ನು ನೀವೇ ಬರೆಯಿರಿ.